ಆರಿಸಲು ಹೋದ ಸಣ್ಣಸ್ವಾಮಿ

ಬಸ್ಸಿನ ಬೋರ್ಡಿನ ಮೇಲೆ ಫ್ರೇಜರ್‌ಪೇಟೆ ಅಂತ ಬರೆದಿರುತ್ತಿದ್ದರೂ ಜನರ ಬಾಯಲ್ಲಿ ಅದು ಕುಶಾಲನಗರವೇ. ಆಗಿನ್ನೂ ಕಾವೇರಿ ಸೇತುವೆಯ ಆಚೆ ಮೈಸೂರು ರಾಜ್ಯ, ಈಚೆ ಕೊಡಗು ರಾಜ್ಯ. ಸೇತುವೆ ದಾಟಿದ ಕೂಡಲೇ ಸಿಗುತ್ತಿದ್ದದ್ದು ಸಣ್ಣಸ್ವಾಮಿಯ ಸೈಕಲ್ ಅಂಗಡಿ. ಮೈಸೂರಿನ ಬಸ್ಸು ಪತ್ರಿಕೆಯ ಕಟ್ಟನ್ನು ಅಲ್ಲೇ ಇಳಿಸುತ್ತಿತ್ತು. ಹಾಗಾಗಿ ಕೊಡಗು ರಾಜ್ಯದ ಹಾಕಿ ತಂಡ ಹೊರಗೆಲ್ಲೋ ಆಡಿದ ಸುದ್ದಿ ಮೊದಲು ಮುಟ್ಟುತ್ತಿದ್ದದ್ದು ಆ ಅಂಗಡಿಯ ಮುಂದಿನ ಬೆಂಚಿಗೆ. ಸುದ್ದಿ ಅಂದರೆ ಸೋಲಿನ ಸುದ್ದಿ. ಆಗಿನ ಮೂರು ವರ್ಷ ಬೇರೆ ಸುದ್ದಿ ಬಂದಿರಲಿಲ್ಲ.

ಸಣ್ಣಸ್ವಾಮಿ ಕೊಡಗಿನಲ್ಲಿ ಹುಟ್ಟಿದವನಲ್ಲ. ಅವನಪ್ಪ ಅರಕಲಗೂಡಿನ ಕಡೆಯಿಂದ ಗುತ್ತಿಗೆಗೆ ಗದ್ದೆ ಹಿಡಿದು ಹೊಳೆ ದಾಟಿ ಬಂದಾಗ ಇವನು ಇನ್ನೂ ಶಾಲೆಯ ಹುಡುಗ. ಹೊಸ ಶಾಲೆಯಲ್ಲಿ ಇವನ ಮಾತಿನ ಧಾಟಿಗೆ ಮಕ್ಕಳು ನಗುತ್ತಿದ್ದರು. ಬಿಡುವಿನಲ್ಲಿ ಒಬ್ಬನೇ ಗೋಡೆಗೆ ಒರಗಿ ನಿಂತಿರುತ್ತಿದ್ದ. ಒಂದು ದಿನ ಬೊಳ್ಳಪ್ಪ ಅನ್ನುವ ಹುಡುಗ ಬಂದು, ಬುಡದಲ್ಲಿ ಬಾಗಿದ ಬಿದಿರಿನ ಕೋಲೊಂದನ್ನು ಇವನ ಕೈಗೆ ತುರುಕಿ, “ಗೋಲಿಗೆ ಆಳಿಲ್ಲ, ಬಾ ನಿಲ್ಲು” ಅಂದ. ಅವತ್ತು ಇವನ ಕಾಲಸಂದಿಯಲ್ಲಿ ಹೋದ ಗೋಲುಗಳು ಎಷ್ಟೋ. ಆದರೆ ಮಾರನೆಯ ದಿನದಿಂದ ಯಾರೂ ನಗಲಿಲ್ಲ. ಆಟದಲ್ಲಿ ಒಂದು ಜಾಗ ಸಿಕ್ಕಿತು ಅಂದರೆ ಈ ಸೀಮೆಯಲ್ಲಿ ಜಾಗ ಸಿಕ್ಕಿದ ಹಾಗೆ ಅಂತ ಆ ವಯಸ್ಸಿಗೇ ಅವನಿಗೆ ಗೊತ್ತಾಯಿತು.

ಸಣ್ಣಸ್ವಾಮಿಗೆ ಆಡಲು ಕೊನೆಯವರೆಗೂ ಬರಲಿಲ್ಲ. ನೋಡುವುದು ಬಂತು, ಮಾತಾಡುವುದು ಅದಕ್ಕಿಂತ ಚೆನ್ನಾಗಿ ಬಂತು. ಬೊಳ್ಳಪ್ಪ ಮಾತ್ರ ಶಾಲೆಯ ತಂಡ, ತಾಲ್ಲೂಕಿನ ಪಂದ್ಯ ಅಂತ ಮೇಲೇರಿ ಕೊಡಗು ರಾಜ್ಯದ ತಂಡದಲ್ಲಿ ನಡುಮೈದಾನ ಕಾಯುವ ಸೆಂಟರ್ ಹಾಫ್ ಆಗಿ ನಿಂತ. ಸುಂಟಿಕೊಪ್ಪದ ಹತ್ತಿರ ಒಂದು ಎಸ್ಟೇಟಿನಲ್ಲಿ ಅವನಿಗೆ ಲೆಕ್ಕ ಬರೆಯುವ ರೈಟರ್ ಕೆಲಸ. ವಾರಕ್ಕೊಮ್ಮೆ ಸೈಕಲ್ ತುಳಿದು ಸಂತೆಗೆ ಬರುತ್ತಿದ್ದ. ಸಾಮಾನಿನ ಚೀಲವನ್ನು ಸಣ್ಣಸ್ವಾಮಿಯ ಅಂಗಡಿಯಲ್ಲಿಟ್ಟು ಬೆಂಚಿನ ತುದಿಯಲ್ಲಿ ಕೂತು, ತನ್ನ ತಂಡವನ್ನು ಊರವರು ಬೈಯುವುದನ್ನು ನಗುತ್ತ ಕೇಳುತ್ತಿದ್ದ.

ಬೈಯುವವರಲ್ಲಿ ಮುಖ್ಯರು ಇಬ್ಬರು. ಜವಳಿ ಅಂಗಡಿಯ ಶಿವಶಂಕರಪ್ಪ, ಮರದ ಲಾರಿ ಓಡಿಸುವ ಗುಂಡ.

“ಆ ಕೋಚು ಹವಾಲ್ದಾರ ಇದ್ದಾನಲ್ಲ, ಅವನಿಗೆ ಗೊತ್ತಿರೋದು ಒಂದೇ. ಬೆಟ್ಟ ಹತ್ತಿಸೋದು, ಬೆಟ್ಟ ಇಳಿಸೋದು,” ಅನ್ನುತ್ತಿದ್ದ ಗುಂಡ. “ನಮ್ಮವರು ಓಡೋದ್ರಲ್ಲಿ ಗೆಲ್ತಾರೆ. ಬಾಲ್ ಮಾತ್ರ ಅವರ ಹತ್ರ ಇರಲ್ಲ.”

“ಕೋಚೇನು ಮಾಡ್ತಾನಯ್ಯ? ಅವನಿಗೆ ಕೊಟ್ಟ ಆಳುಗಳೇ ಹಾಗಿದ್ರೆ?” ಶಿವಶಂಕರಪ್ಪ ಪತ್ರಿಕೆ ಮಡಚುತ್ತಿದ್ದರು. “ಇವರ ಅಳಿಯ, ಅವರ ತಮ್ಮ, ಇನ್ನೊಬ್ಬರ ಮನೆತನ. ಹಿಂಗೆ ಆರಿಸಿದ್ರೆ ಮದುವೆ ದಿಬ್ಬಣ ಆಗ್ತದೆ, ತಂಡ ಆಗಲ್ಲ.”

ಆಗ ಸಣ್ಣಸ್ವಾಮಿ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡುತ್ತಲೇ ತೀರ್ಪು ಕೊಡುತ್ತಿದ್ದ. “ಕಾಲು ನೋಡಿ ಆರಿಸಬೇಕು ಸ್ವಾಮಿ, ಮುಖ ನೋಡಿ ಅಲ್ಲ. ವಯಸ್ಸಾದವರನ್ನ ಮುಲಾಜಿಲ್ಲದೆ ಮನೆಗೆ ಕಳಿಸಬೇಕು. ನನ್ನ ಕೈಗೆ ಕೊಡ್ಲಿ, ತೋರಿಸ್ತೀನಿ.”

ಆ ಮಾತು ಮಡಿಕೇರಿಯವರೆಗೂ ಹೋಯಿತು. ಮೂರನೆಯ ವರ್ಷವೂ ಸೋತ ಮೇಲೆ ಕುಶಾಲನಗರದ ಕಡೆಯ ಉತ್ತರ ಕೊಡಗಿನವರು ಹಾಕಿ ಸಂಘದ ಮೇಲೆ ರೇಗಿ, ಆಯ್ಕೆ ಮಾಡುವವರಲ್ಲಿ ನಮ್ಮ ಕಡೆಯವರೊಬ್ಬರೂ ಇಲ್ಲ ಅಂತ ಗಲಾಟೆ ಎಬ್ಬಿಸಿದ್ದರು. ಸಂಘದ ಕಾರ್ಯದರ್ಶಿ, ಪಟ್ಟಾಳದಿಂದ ನಿವೃತ್ತರಾದ ಸುಬೇದಾರ್ ಪೂವಯ್ಯ ಒಂದು ಬೆಳಿಗ್ಗೆ ಬಸ್ಸಿಳಿದು ನೇರವಾಗಿ ಸೈಕಲ್ ಅಂಗಡಿಗೆ ಬಂದರು.

“ಸಣ್ಣಸ್ವಾಮಿ ಅಂದ್ರೆ ನೀವೇ ಏನು? ಬೆಂಚಿನ ಮೇಲೆ ಕೂತು ನಮ್ಮನ್ನ ಬೈತೀರಂತೆ. ಬನ್ನಿ, ಈ ಸಲ ನೀವೂ ಕೂತು ಆರಿಸಿ. ನಿಮಗೆ ಇಲ್ಲಿ ಮನೆತನ ಇಲ್ಲ, ನೆಂಟರಿಲ್ಲ. ಯಾರೂ ಬೆರಳು ತೋರಿಸೋ ಹಾಗಿಲ್ಲ.”

ಸಣ್ಣಸ್ವಾಮಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಚಲುವಮ್ಮನಿಗೆ ಹೇಳಿದ. ಅವಳು ಸಾರು ಬಡಿಸುವುದನ್ನು ನಿಲ್ಲಿಸಿದಳು.

“ದಡದಲ್ಲಿ ನಿಂತು ಈಜು ಹೇಳಿಕೊಟ್ಟಂಗಲ್ಲ ಅದು. ಬೊಳ್ಳಪ್ಪಣ್ಣನೂ ಆ ಆಯ್ಕೆಗೆ ಬರ್ತಾರಲ್ವಾ?”

“ಬರ್ತಾನೆ. ಅದಕ್ಕೇನು?”

“ಏನಿಲ್ಲ,” ಅಂದಳು ಚಲುವಮ್ಮ.

ಆಯ್ಕೆಯ ಆಟ ಮಡಿಕೇರಿಯ ಮೈದಾನದಲ್ಲಿ ನಡೆಯಿತು. ಮಂಜು ಕರಗಿ ಬಿಸಿಲು ಬಂದಿತ್ತು. ಸಣ್ಣಸ್ವಾಮಿ ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಾಫಿ ತೋಟದ ಧಣಿಗಳ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಇಪ್ಪತ್ತು ವರ್ಷ ನೋಡಿದ ಆಟವನ್ನೇ ಅವತ್ತು ಹೊಸ ಕಣ್ಣಿನಿಂದ ನೋಡಿದ. ಬೊಳ್ಳಪ್ಪ ಎಡಕ್ಕೆ ತಿರುಗುವಾಗ ಒಂದು ಕ್ಷಣ ತಡೆಯುತ್ತಿದ್ದ. ಬಲ ಮಂಡಿಯ ಮೇಲೆ ಭಾರ ಹಾಕಲು ಹಿಂಜರಿಯುತ್ತಿದ್ದ. ಮಡಿಕೇರಿ ಕಾಲೇಜಿನ ಹುಡುಗನೊಬ್ಬ ಅದೇ ಜಾಗದಲ್ಲಿ ಆಡಿದ. ಅವನ ಕಾಲಿಗೆ ನೆಲವೇ ತಾಗುತ್ತಿರಲಿಲ್ಲ.

ಆಟ ಮುಗಿದ ಮೇಲೆ ಆರಿಸುವ ಐದು ಜನ ಒಂದು ಕೋಣೆಯಲ್ಲಿ ಕೂತರು. ಹೆಚ್ಚಿನ ಹೆಸರುಗಳಿಗೆ ತಕರಾರು ಬರಲಿಲ್ಲ. ಸೆಂಟರ್ ಹಾಫ್ ಹತ್ತಿರ ಬಂದು ಮಾತು ನಿಂತಿತು. ಪೂವಯ್ಯನವರು ಬೊಳ್ಳಪ್ಪನೇ ಇರಲಿ ಅಂದರು. “ಓಟ ಕಡಮೆಯಾಗಿದೆ, ಒಪ್ತೀನಿ. ಆದ್ರೆ ಗೋಲು ಬಿದ್ದಾಗ ಹುಡುಗರು ಅವನ ಮುಖ ನೋಡ್ತಾರೆ. ಅವನು ನಿಂತಿದ್ರೆ ಅವರೂ ನಿಲ್ತಾರೆ.” ಒಬ್ಬರು ಅವರ ಜೊತೆಗೆ ಸೇರಿದರು. ಇನ್ನಿಬ್ಬರು ಕಾಲೇಜಿನ ಹುಡುಗ ಬೇಕು ಅಂದರು. ಉಳಿದವನು ಸಣ್ಣಸ್ವಾಮಿ.

ಎಲ್ಲರೂ ಅವನ ಕಡೆ ತಿರುಗಿದರು. ಇವನು ಗೆಳೆಯನ ಪರ ನಿಲ್ಲುತ್ತಾನೆ ಅನ್ನುವ ಒಂದು ಸಣ್ಣ ನಗೆ ತೋಟದ ಧಣಿಯೊಬ್ಬರ ಮೀಸೆಯಡಿಯಲ್ಲಿ ಕಂಡ ಹಾಗಾಯಿತು. ಬೆಂಚಿನವರ ಮುಂದೆ ತಾನು ಆಡಿದ ಮಾತೆಲ್ಲ ಸಣ್ಣಸ್ವಾಮಿಗೆ ನೆನಪಾಯಿತು. ಪೂವಯ್ಯನವರು ಹೇಳಿದ್ದು ಸರಿ ಅಂತ ಒಳಗೆ ಎಲ್ಲೋ ಅನ್ನಿಸಿತ್ತು. ಆದರೆ ಆ ನಗೆಯನ್ನು ಅವನಿಂದ ತಾಳಿಕೊಳ್ಳಲಾಗಲಿಲ್ಲ.

“ಬೊಳ್ಳಪ್ಪ ಬೇಡ,” ಅಂದ. “ಹುಡುಗ ಇರ್ಲಿ.”

ವಾಪಸು ಬರುವ ಬಸ್ಸಿನಲ್ಲಿ ಬೊಳ್ಳಪ್ಪ ಅವನಿಗೋಸ್ಕರ ಕಿಟಕಿಯ ಪಕ್ಕದ ಸೀಟು ಹಿಡಿದು ಕೂತಿದ್ದ.

“ಆಯ್ಕೆ ವಿಷಯ ನಾನು ಏನೂ ಕೇಳಲ್ಲ. ನೀನೂ ಹೇಳ್ಬೇಡ. ಅದು ಸರಿಯಲ್ಲ,” ಅಂತ ಅವನೇ ಮೊದಲು ಅಂದ. ಆಮೇಲೆ ಸುಮ್ಮನಿರಲಿಲ್ಲ. ಪಂದ್ಯ ಈ ಸಲ ಮದ್ರಾಸಿನಲ್ಲಿ. ಮೈದಾನದಿಂದ ಸಮುದ್ರ ಹತ್ತಿರವಂತೆ, ನಡೆದೇ ಹೋಗಬಹುದಂತೆ. “ನನ್ನ ಹೆಂಡ್ತಿ ಸುಲೋಚನಾ ಸಮುದ್ರ ನೋಡೇ ಇಲ್ಲ ಮಾರಾಯ. ಅವಳನ್ನೂ ಕರ್ಕೊಂಡು ಹೋಗ್ಬಿಡೋಣ ಅಂತಿದೀನಿ. ಮದ್ರಾಸಲ್ಲಿ ಅವಳ ಚಿಕ್ಕಮ್ಮ ಇದ್ದಾರೆ, ಅವರ ಮನೇಲಿ ಇರ್ತಾಳೆ. ಧಣಿ ಹತ್ರ ರಜಾನೂ ಕೇಳಿ ಆಗಿದೆ. ಇನ್ನೊಂದು ವರ್ಷ ಆಡಿದ್ರೆ ಹೆಚ್ಚು. ಈ ಮಂಡಿ ಕೇಳಲ್ಲ. ಇದೊಂದು ಸಲ ಆಡಿ ಬಿಟ್ಬಿಡ್ತೀನಿ.”

ಬಸ್ಸು ತಿರುವು ತಿರುವಿಗೂ ಅವರಿಬ್ಬರನ್ನೂ ಒಬ್ಬರ ಮೇಲೊಬ್ಬರು ಒರಗುವಂತೆ ಮಾಡುತ್ತಿತ್ತು. ಸಣ್ಣಸ್ವಾಮಿ ಕಿಟಕಿಯ ಹೊರಗೆ ನೋಡುತ್ತ “ಹೂಂ, ಹೂಂ” ಅನ್ನುತ್ತಿದ್ದ. ಈಗ ಹೇಳುತ್ತೇನೆ, ಆ ತಿರುವು ದಾಟಿದ ಮೇಲೆ ಹೇಳುತ್ತೇನೆ ಅಂದುಕೊಂಡ. ಸುಂಟಿಕೊಪ್ಪ ಬಂತು. ಬೊಳ್ಳಪ್ಪ ಇಳಿದು, ಹಾಕಿ ಕೋಲನ್ನು ಹೆಗಲಿಗೇರಿಸಿ, ಬಸ್ಸು ಹೊರಡುವವರೆಗೂ ಕೈ ಬೀಸುತ್ತ ನಿಂತಿದ್ದ.

ಪಟ್ಟಿಯಲ್ಲಿ ತನ್ನ ಹೆಸರಿಲ್ಲ ಅನ್ನುವುದು ಬೊಳ್ಳಪ್ಪನಿಗೆ ಗೊತ್ತಾದದ್ದು ನಾಲ್ಕು ದಿನದ ಮೇಲೆ, ಗುಂಡನಿಂದ. ಮರ ತುಂಬಲು ಲಾರಿ ತಂದಿದ್ದ ಗುಂಡ, ಎಸ್ಟೇಟಿನ ಕೂಲಿ ಲೈನಿನ ಮನೆಗಳ ಎದುರು ಆಳುಗಳೆಲ್ಲ ನಿಂತಿರುವಾಗಲೇ, “ಏನಣ್ಣ, ಹಿಂಗೆ ಮಾಡಿಬಿಟ್ರಂತೆ?” ಅಂತ ಕೂಗಿ ಕೇಳಿದ್ದನಂತೆ.

ಆ ವಾರದ ಸಂತೆಗೆ ಬೊಳ್ಳಪ್ಪ ಬಂದ. ಅವನ ಸೈಕಲಿನ ಹಿಂದಿನ ಚಕ್ರ ಪಂಕ್ಚರ್ ಆಗಿತ್ತು. ತಳ್ಳಿಕೊಂಡು ಬರುತ್ತಿದ್ದುದನ್ನು ಸಣ್ಣಸ್ವಾಮಿ ದೂರದಿಂದಲೇ ಕಂಡು ಎದ್ದು ನಿಂತು, ಕೈಯ ಮಸಿ ಒರಸಿಕೊಂಡ. ಬೊಳ್ಳಪ್ಪ ಅಂಗಡಿಯ ಮುಂದೆಯೇ ಹಾದು, ತಲೆ ತಿರುಗಿಸದೆ, ಪೇಟೆಯ ಆ ತುದಿಯಲ್ಲಿದ್ದ ಇನ್ನೊಂದು ಅಂಗಡಿಗೆ ಸೈಕಲ್ ತಳ್ಳಿಕೊಂಡು ಹೋದ.

ಮದ್ರಾಸಿನಲ್ಲಿ ಕೊಡಗು ಮೊದಲ ಪಂದ್ಯದಲ್ಲೇ ಆರು ಗೋಲಿನಿಂದ ಸೋತಿತು. ಶಿವಶಂಕರಪ್ಪ ಬೆಂಚಿನ ಮೇಲೆ ನಿಂತು ಓದಿದರು. ಎರಡನೆಯ ಗೋಲು ಬೀಳುವವರೆಗೂ ಆಟ ಸಮಸಮವಾಗಿತ್ತಂತೆ. ಆಮೇಲೆ ಹುಡುಗರು ದಿಕ್ಕು ತಪ್ಪಿದ ಕುರಿಗಳ ಹಾಗೆ ಚೆದುರಿ ಓಡಿದರಂತೆ.

“ಬೊಳ್ಳಪ್ಪಣ್ಣ ಇದ್ದಿದ್ರೆ ಹಿಂಗಾಗ್ತಿತ್ತಾ?” ಗುಂಡ ತೊಡೆ ತಟ್ಟಿದ. “ಯಾವ ಪುಣ್ಯಾತ್ಮನೋ ಅವರನ್ನ ತೆಗೆದಿದ್ದು! ಸಣ್ಣಸ್ವಾಮಣ್ಣ, ನೀವು ಅಲ್ಲೇ ಇದ್ರಲ್ಲ. ಯಾರು ಹೇಳಿ?”

“ನಾನೇ,” ಅಂದ ಸಣ್ಣಸ್ವಾಮಿ.

ಗುಂಡ ನಗಲು ಹೋಗಿ ನಿಲ್ಲಿಸಿದ. ಶಿವಶಂಕರಪ್ಪ ಮೆಲ್ಲನೆ ಬೆಂಚಿನಿಂದ ಇಳಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೂ ಮಾತಾಡಲು ಒಂದು ದಾರಿ ಸಿಗುತ್ತಿತ್ತು. ಅವರು ಒಬ್ಬೊಬ್ಬರಾಗಿ ಕೆಲಸದ ನೆಪ ಹೇಳಿ ಎದ್ದರು. ಕೆಲವು ದಿನಗಳಲ್ಲೇ ಹಾಕಿಯ ಮಾತು ಎದುರಿನ ಕಾಫಿ ಹೋಟೆಲಿಗೆ ಸಾಗಿತು. ಅಲ್ಲಿಂದ ಜೋರು ದನಿಗಳು ಕೇಳುತ್ತಿದ್ದವು. ಇವನು ರಸ್ತೆಗೆ ಬಂದರೆ ತಗ್ಗುತ್ತಿದ್ದವು.

ಮಳೆಗಾಲವೆಲ್ಲ ಅವನು ಒಂದೇ ಯೋಚನೆಯಲ್ಲಿ ಕಳೆದ. ಮುಂದಿನ ವರ್ಷ ಬೊಳ್ಳಪ್ಪನನ್ನೇ ಕೋಚ್ ಮಾಡಬೇಕು. ಹುಡುಗರಿಗೆ ಬೆಟ್ಟ ಹತ್ತಿಸುವ ಬದಲು ನಿಲ್ಲುವುದು ಹೇಗೆ ಅಂತ ಅವನು ಕಲಿಸುತ್ತಾನೆ. ಮದ್ರಾಸಲ್ಲದಿದ್ದರೆ ಬೊಂಬಾಯಿಗೆ ಹೋಗುತ್ತಾನೆ, ಅಲ್ಲೂ ಸಮುದ್ರವಿದೆ. ಮಳೆ ಬಿಟ್ಟ ಮೇಲೆ ಇದನ್ನೇ ಹೇಳಲು ಮಡಿಕೇರಿಗೆ ಹೋದ. ಪೂವಯ್ಯನವರು ಪೂರ್ತಿ ಕೇಳಿಸಿಕೊಂಡರು.

“ಯಾವ ಮುಂದಿನ ವರ್ಷ ಸಣ್ಣಸ್ವಾಮಿ? ನವೆಂಬರ್ ಒಂದಕ್ಕೆ ಕೊಡಗು ರಾಜ್ಯವೇ ಇರಲ್ಲ. ಮೈಸೂರಿಗೆ ಸೇರ್ತದೆ. ನಮ್ಮ ಹುಡುಗರು ಆಡಬೇಕಂದ್ರೆ ಬೆಂಗಳೂರಿಗೆ ಹೋಗಿ ಅಲ್ಲಿಯವರ ಮುಂದೆ ಆಡಿ ತೋರಿಸಬೇಕು. ನಮ್ಮದು ಅಂತ ಇದ್ದ ತಂಡ ಮುಗೀತು. ಮದ್ರಾಸಿನದ್ದೇ ಕೊನೆ.”

ವಿಲೀನದ ಸುದ್ದಿ ವರ್ಷದಿಂದ ಪತ್ರಿಕೆಯಲ್ಲಿ ಬರುತ್ತಲೇ ಇತ್ತು. ಬೆಂಚಿನವರು ಆ ಪುಟ ಮಗುಚಿ ಆಟದ ಪುಟಕ್ಕೆ ಹೋಗುತ್ತಿದ್ದರು. ರಾಜ್ಯ ಹೋದರೆ ತಂಡವೂ ಹೋಗುತ್ತದೆ ಅಂತ ಸಣ್ಣಸ್ವಾಮಿಗೆ ಆ ಗಳಿಗೆಯವರೆಗೆ ಹೊಳೆದೇ ಇರಲಿಲ್ಲ.

ಬರುವಾಗ ಅವನು ಸುಂಟಿಕೊಪ್ಪದಲ್ಲಿ ಇಳಿದು ಎಸ್ಟೇಟಿನ ದಾರಿ ಹಿಡಿದ. ಸುಲೋಚನಮ್ಮ ಬಾಗಿಲು ತೆರೆದು, ಒಂದು ಕ್ಷಣ ನೋಡಿ, “ಬನ್ನಿ” ಅಂದಳು. ಕಾಫಿ ತಂದಿಟ್ಟು ಒಳಗೆ ಹೋದವಳು ಮತ್ತೆ ಬರಲಿಲ್ಲ. ಬೊಳ್ಳಪ್ಪ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಮಂಡಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿತ್ತು.

“ನಾನೇ ತೆಗೆದದ್ದು,” ಅಂದ ಸಣ್ಣಸ್ವಾಮಿ.

“ಗೊತ್ತು. ಮಂಡಿ ಹೋಗಿತ್ತು, ನಿನಗೆ ಕಂಡಿತು. ತೆಗೆದದ್ದು ತಪ್ಪು ಅಂತ ನಾನು ಯಾರ ಹತ್ರವೂ ಹೇಳಿಲ್ಲ.”

“ಮತ್ತೆ ಯಾಕೆ ಅಂಗಡಿಗೆ ಬರಲಿಲ್ಲ?”

ಬೊಳ್ಳಪ್ಪ ಮಂಡಿಯ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ.

“ಬಸ್ಸಲ್ಲಿ ಅಷ್ಟು ದೂರ ನನ್ನನ್ನ ಮಾತಾಡಕ್ಕೆ ಬಿಟ್ಟೆಯಲ್ಲ ಮಾರಾಯ,” ಅಂದ. “ಸಮುದ್ರ ಅಂದೆ, ಅವಳ ಚಿಕ್ಕಮ್ಮ ಅಂದೆ. ನೀನು ಹೂಂಗುಟ್ಟಿದೆ. ಮನೆಗೆ ಬಂದು ಅವಳಿಗೆ ಹೇಳಿದೆ, ಅವಳು ಸೀರೆ ಒಗೆದು ಮಡಚಿಟ್ಟಳು. ಹೇಳ್ಬೇಡ ಅಂದದ್ದು ನಾನೇ ಸರಿ, ಆದ್ರೆ ಮದ್ರಾಸಿನ ಯೋಚನೆ ಬೇಡ ಅಂತ ನೀನು ಒಂದು ಮಾತು ಅಂದಿದ್ರೆ, ಅಲ್ಲೇ ಇಬ್ಬರೂ ಇಳಿದು ಒಂದು ಕಾಫಿ ಕುಡೀತಿದ್ವಿ. ಅಷ್ಟೇ ಆಗ್ತಿತ್ತು.”

ಸಣ್ಣಸ್ವಾಮಿ ಕೋಚ್ ವಿಷಯ ಎತ್ತಲಿಲ್ಲ. ಕಾಫಿ ಆರಿಹೋಗಿತ್ತು, ಅದನ್ನೇ ಕುಡಿದು ಎದ್ದ.

ನವೆಂಬರ್ ಒಂದರಂದು ಸೇತುವೆಯ ಎರಡೂ ಕಡೆಯಿಂದ ಜನ ಬಂದು ಹಾರ ಹಾಕಿಕೊಂಡರು, ಭಾಷಣಗಳಾದವು. ಕೆಲವು ಹಿರಿಯರು ಮಾತ್ರ ಮನೆಯಿಂದ ಹೊರಗೆ ಬರಲಿಲ್ಲ. ಸಣ್ಣಸ್ವಾಮಿ ಅಂಗಡಿ ತೆರೆದಿದ್ದ, ಆದರೆ ಎದ್ದು ಹೋಗಿ ನೋಡಲಿಲ್ಲ.

ಅದೇ ಡಿಸೆಂಬರಿನಲ್ಲಿ ಬೊಳ್ಳಪ್ಪನಿಗೆ ವಿರಾಜಪೇಟೆಯ ಹತ್ತಿರ ಬಿಟ್ಟಂಗಾಲದ ಎಸ್ಟೇಟೊಂದರಲ್ಲಿ ಕೆಲಸ ಸಿಕ್ಕಿತು. ಸಾಮಾನು ಸಾಗಿಸಲು ಗುಂಡನ ಲಾರಿಯೇ ಹೋಯಿತು. ಸಣ್ಣಸ್ವಾಮಿ ಯಾರೂ ಕರೆಯದಿದ್ದರೂ ಗುಂಡನ ಜೊತೆ ಹತ್ತಿ ಹೋದ. ಮಂಚ, ಪಾತ್ರೆ, ಅಕ್ಕಿ ಪೆಟ್ಟಿಗೆ ಎಲ್ಲಕ್ಕೂ ಕೈ ಕೊಟ್ಟ. ಹಗ್ಗ ಬಿಗಿದು ಗಂಟು ಹಾಕಿದ.

“ಒಂದ್ಸಲ ಬಾ ಆ ಕಡೆ,” ಅಂದ ಬೊಳ್ಳಪ್ಪ, ಲಾರಿ ಹತ್ತುವಾಗ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ.

“ಬರ್ತೀನಿ,” ಅಂದ ಸಣ್ಣಸ್ವಾಮಿ.

ಅವನು ಹೋಗಬೇಕು ಅಂದುಕೊಂಡದ್ದು ನಿಜ. ಎರಡು ಸಲ ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದನ್ನು ಚಲುವಮ್ಮ ಕಂಡಿದ್ದಳು. ಒಂದು ಸಲ ಬಾಳೆಗೊನೆಯನ್ನೂ ಹೊತ್ತುಕೊಂಡಿದ್ದ. ಎರಡು ಸಲವೂ ಹತ್ತದೆ ನಿಂತು, ಬಸ್ಸು ಹೊರಟ ಮೇಲೆ ಹಿಂದಕ್ಕೆ ನಡೆದು ಬಂದ. ಚಲುವಮ್ಮ ಬಾಳೆಹಣ್ಣನ್ನು ಅಕ್ಕಪಕ್ಕದ ಮನೆಯ ಮಕ್ಕಳಿಗೆ ಹಂಚಿದಳು.