ಎಲ್ಲಿ ನಿಲ್ಸಿದ್ರಿ?

ತಮಿಳುನಾಡಿನ ಪಲ್ಲಡಂನಲ್ಲಿ ನನ್ನ ಪಕ್ಕದ ಮನೆಯವರು, ನಮ್ಮ ಬನಿಯನ್ ಕಂಪನಿಯಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್, ಒಂದು ಫುಟ್‌ಬಾಲ್ ವೆಬ್‌ಸೈಟ್ ನಡೆಸುತ್ತಿದ್ದರು. ಮಗ್ಗದ ಸದ್ದು ಕೇಳಿಸದಂತೆ ಬನಿಯನ್ ಬಟ್ಟೆಯ ರಾಶಿಯ ನಡುವೆ ಕೂತು ಹಳೆಯ ಪಂದ್ಯಗಳ ಕಥೆ ಹೇಳುವ ಪಾಡ್‌ಕಾಸ್ಟ್ ತಮಿಳಿನಲ್ಲಿ ರೆಕಾರ್ಡ್ ಮಾಡುವರು. ನಾನು ಕೇಳಿ ಚೆನ್ನಾಗಿದೆ ಎಂದರೆ ಕಿವಿಯ ಹಿಂದಿನ ಸೀಮೆಸುಣ್ಣ ಸರಿಮಾಡಿಕೊಂಡು, “ಅದಿರ್ಲಿ ಸಾರ್, ಕೇಳೋದು ಎಲ್ಲಿ ನಿಲ್ಸಿದ್ರಿ?” ಎನ್ನುವರು.

ಕೇಳುಗರು ಹೆಚ್ಚಲಿಲ್ಲ. ಕೊನೆಗೆ ಅದನ್ನು ಸಿ.ಡಿ.ಗೆ ಹಾಕಿ, ನಮ್ಮನ್ನು ತಿರುಪ್ಪೂರಿಗೆ ಕರೆದೊಯ್ಯುವ ಕಂಪನಿ ವ್ಯಾನಿನ ಡ್ರೈವರಿಗೆ ಕೊಟ್ಟರು. ತಾವು ಹಿಂದಿನ ಸೀಟಿನಲ್ಲಿ ಕೂತು ಹೊಲಿಗೆಯ ಹೆಂಗಸರ ಮುಖಗಳನ್ನೇ ನೋಡುವರು.

ಒಂದು ಬೆಳಿಗ್ಗೆ ಕಥೆಯಲ್ಲಿ ಪೆನಾಲ್ಟಿ ಒದೆಯುವ ಹೊತ್ತಿಗೆ ಕಂಪನಿಯ ಗೇಟು ಬಂತು. ಡ್ರೈವರ್ ಸಿ.ಡಿ. ನಿಲ್ಲಿಸಿದ. ಯಾರೂ ಇಳಿಯಲಿಲ್ಲ.

“ಅಪ್ಪುರಂ? ಗೋಲಾ?” ಆಮೇಲೇನಾಯಿತೆಂದು ಕೇಳಿದಳೊಬ್ಬಳು.

ನಾನು ಹೇಳಲು ಬಾಯಿ ತೆರೆದೆ. ಮಾಸ್ಟರ್ ನನ್ನ ಮೊಣಕೈ ಹಿಡಿದರು.

“ಸುಮ್ನಿರಿ ಸಾರ್. ನಾಳೆ ಅವರೇ ಕೇಳಿ ಸಿ.ಡಿ. ಹಾಕಿಸ್ತಾರೆ.”