ತಾರಾಲಯದ ವಿಚಾರಣೆ ಕಿಟಕಿ

ತಾರಾಲಯದ ಗುಮ್ಮಟದ ಕೆಳಗೆ, ಕತ್ತಲಲ್ಲಿ ನಿಂತು ಮಾತಾಡುವುದೇ ಅವಳ ನೌಕರಿ. ಮೇಲೆ ಯಂತ್ರ ನಕ್ಷತ್ರಗಳನ್ನು ಮೂಡಿಸುತ್ತಿದ್ದರೆ ಕೆಳಗೆ ಇವಳು ಮೈಕು ಹಿಡಿದು ಒಂದೊಂದನ್ನೇ ತೋರಿಸಿ ವಿವರಿಸುತ್ತಿದ್ದಳು. ಶಾಲೆಯ ಮಕ್ಕಳು ಇಟ್ಟ ಹೆಸರು ಚುಕ್ಕಿ ಮೇಡಂ. ಕಚೇರಿಯವರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು.

ಓದಿದ್ದು ಭೌತಶಾಸ್ತ್ರ. ಆದರೆ ಓದಿದ್ದನ್ನು ಹೇಳುವುದು ಹೇಗೆಂದು ಕಲಿಸಿದವರು ಅವಳ ಅತ್ತೆ. ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಾ ಕೂತರೆ ಸಾಕು, ಪ್ರಶ್ನೆಗಳು ಶುರುವಾಗುತ್ತಿದ್ದವು.

"ಅಲ್ವೇ, ಅಲ್ಲಿ ಮೇಲೆ ಆಕಾಶದಲ್ಲಿ ತೇಲಾಡ್ತಾ ಇರೋರು ತಲೆಗೆ ನೀರು ಹಾಕ್ಕೊಳ್ಳೋದು ಹೇಗೆ?"

"ನಮ್ಮ ಹಾಗೆ ಹಾಕ್ಕೊಳ್ಳಕ್ಕಾಗಲ್ಲ ಅತ್ತೆ. ನೀರು ಕೆಳಗೆ ಬೀಳೋದೇ ಇಲ್ಲ, ಉಂಡೆ ಕಟ್ಕೊಂಡು ಅಲ್ಲೇ ಓಡಾಡುತ್ತೆ. ಒದ್ದೆ ಬಟ್ಟೇಲಿ ಮೈ ಒರೆಸಿಕೊಳ್ತಾರೆ, ಅಷ್ಟೇ."

"ಹಾಗಾದ್ರೆ ನಿನ್ನ ಗಂಡನ್ನ ಅಲ್ಲಿಗೇ ಕಳಿಸು. ಸ್ನಾನಕ್ಕೆ ಏಳೋ ಅಂತ ನಾನು ದಿನಾ ಗಂಟಲು ಹರ್ಕೊಳ್ಳೋದಾದ್ರೂ ತಪ್ಪುತ್ತೆ."

ಅವಳ ಉತ್ತರದಲ್ಲಿ ಪುಸ್ತಕದ ಮಾತೇನಾದರೂ ನುಸುಳಿದರೆ ಅತ್ತೆಯ ಕೈ ಬಟಾಣಿಯ ಮೇಲೆಯೇ ನಿಂತುಬಿಡುತ್ತಿತ್ತು. ಆಗ ಅವಳು ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತಿದ್ದಳು. ಕೈ ಮತ್ತೆ ಆಡತೊಡಗಿದರೆ ಅರ್ಥವಾಯಿತು ಎಂದೇ ಲೆಕ್ಕ.

ಹೀಗಿರುವಾಗ ತಾರಾಲಯಕ್ಕೆ ಹೊಸ ಯಂತ್ರ ಬಂತು. ಚಿತ್ರದ ಜೊತೆಗೇ ವಿವರಣೆಯೂ ಧ್ವನಿಮುದ್ರಣವಾಗಿ ಬಂದಿತ್ತು, ತುಂಬಿದ ಕಂಠದ ಯಾರೋ ಗಂಡಸಿನ ದನಿ. ನಿರ್ದೇಶಕರು ಅವಳನ್ನು ಕೋಣೆಗೆ ಕರೆದು ಕೂರಿಸಿದರು. ಕೆಟ್ಟ ಮನುಷ್ಯರಲ್ಲ, ಮಾತನ್ನು ಹೇಗೆ ಶುರುಮಾಡಬೇಕೆಂದು ತಿಳಿಯದೆ ಕನ್ನಡಕವನ್ನೇ ಒರೆಸುತ್ತಿದ್ದರು.

"ನಿಮ್ಮದೇನೂ ತಪ್ಪಿಲ್ಲಮ್ಮ. ಪ್ರತಿ ಪ್ರದರ್ಶನವೂ ಒಂದೇ ಥರ ಇರಬೇಕು ಅಂತ ಮೇಲಿನವರು ಹೇಳ್ತಿದ್ದಾರೆ. ನೀವು ವಿಚಾರಣೆ ಕಿಟಕೀಲಿ ಕೂತ್ಕೊಳ್ಳಿ."

ಕಿಟಕಿ ಇದ್ದದ್ದು ಹೊರಬಾಗಿಲ ಪಕ್ಕದಲ್ಲಿ. ಮೊದಮೊದಲು ಅಲ್ಲಿ ಬರುತ್ತಿದ್ದ ಪ್ರಶ್ನೆಗಳು ಶೌಚಾಲಯ ಎಲ್ಲಿ, ಚಪ್ಪಲಿ ಹೊರಗೆ ಬಿಡಬೇಕಾ, ಇಂಥವೇ. ಒಳಗಿಂದ ಆ ತುಂಬಿದ ಕಂಠ ಕೇಳಿಸಿದಾಗಲೆಲ್ಲ ಅವಳ ಮುಖ ಸಪ್ಪಗಾಗುತ್ತಿತ್ತು. ಮನೆಯಲ್ಲಿ ಅತ್ತೆ ಏನು ಕೇಳಿದರೂ ಒಂದೇ ಮಾತಿನ ಉತ್ತರ. "ಯಾಕೋ ನಿನಗೆ ಬೇಜಾರಾಗಿದೆ," ಎಂದು ಅತ್ತೆ ಬಟಾಣಿಯತ್ತ ತಿರುಗಿದರು.

ಒಂದು ದಿನ ಪ್ರದರ್ಶನ ಮುಗಿಸಿ ಬಂದ ವಯಸ್ಸಾದ ಬಸ್ ಚಾಲಕರೊಬ್ಬರು ಕಿಟಕಿಗೆ ಮೊಣಕೈ ಊರಿ ನಿಂತರು.

"ಒಳಗಡೆ ಕೇಳೋಣ ಅಂದ್ರೆ ಆ ಮನುಷ್ಯ ನಿಲ್ಲಿಸೋದೇ ಇಲ್ಲ. ಅಲ್ಲಮ್ಮ, ರಾಕೆಟ್‌ಗೆ ಬ್ರೇಕ್ ಇರುತ್ತಾ?"

ಅವಳಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು. "ನಿಮ್ಮ ಬಸ್ಸಿಗೆ ಬ್ರೇಕ್ ಹಿಡಿಯೋದು ಕೆಳಗೆ ರಸ್ತೆ ಇರೋದ್ರಿಂದ. ಅಲ್ಲಿ ರಸ್ತೇನೂ ಇಲ್ಲ, ಗಾಳೀನೂ ಇಲ್ಲ. ನಿಲ್ಲಿಸಬೇಕು ಅಂದ್ರೆ ಬೆಂಕಿ ಹೋಗ್ತಿರೋ ದಿಕ್ಕಿಗೇ ಚಿಮ್ಮೋ ಹಾಗೆ ತಿರುಗಿಸಿ ಎಂಜಿನ್ ಉರಿಸಬೇಕು. ವಾಪಸ್ ಭೂಮಿಗೆ ಬರೋವಾಗ ಮಾತ್ರ ಗಾಳಿಯೇ ಬ್ರೇಕು. ಆ ಉಜ್ಜಾಟಕ್ಕೇ ಮೈಯೆಲ್ಲ ಕೆಂಪಗೆ ಕಾಯೋದು."

"ಇಳಿಜಾರಲ್ಲಿ ನನ್ನ ಬ್ರೇಕೂ ಹಾಗೇ ಕಾಯುತ್ತೆ," ಎಂದು ಚಾಲಕರು ತಲೆದೂಗಿದರು. ಮರುವಾರ ತಮ್ಮ ಡಿಪೋದ ಗೆಳೆಯರನ್ನೂ ಕರೆತಂದರು. ಅವರ ಹಿಂದೆ ನಿಂತು ಕೇಳಿಸಿಕೊಂಡವರು ತಮ್ಮ ಪ್ರಶ್ನೆಗಳನ್ನು ತಂದರು. ನೋಡನೋಡುತ್ತಿದ್ದಂತೆ ವಿಚಾರಣೆ ಕಿಟಕಿಯ ಸಾಲು ಟಿಕೆಟ್ ಸಾಲಿಗಿಂತ ಉದ್ದವಾಯಿತು. ದಾರಿಗೆ ಅಡ್ಡವಾಗುತ್ತದೆಂದು ನಿರ್ದೇಶಕರು ಗೊಣಗಿದರು. ಸಾಲು ಕರಗಲಿಲ್ಲ.

ಒಂದು ಮಧ್ಯಾಹ್ನ ಸಭಾಂಗಣ ಕಿಕ್ಕಿರಿದಿತ್ತು. ಪ್ರದರ್ಶನದ ನಡುವೆ, ಶನಿಗ್ರಹದ ಬಳೆಗಳು ಕಾಣಿಸುತ್ತಿದ್ದಂತೆ ಯಂತ್ರ ನಿಂತುಹೋಯಿತು. ಚಿತ್ರವೂ ಇಲ್ಲ, ಮಾತೂ ಇಲ್ಲ. ಆಪರೇಟರ್ ಕಕ್ಕಾಬಿಕ್ಕಿ. ಮಕ್ಕಳು ಸಿಳ್ಳೆ ಹೊಡೆಯತೊಡಗಿದರು. ನಿರ್ದೇಶಕರು ಕಿಟಕಿಯ ಬಳಿ ಓಡೋಡಿ ಬಂದರು.

"ಸ್ವಲ್ಪ ಹೊತ್ತು ಸಂಭಾಳಿಸ್ತೀರಾಮ್ಮ?"

ಅವಳು ನೇರ ಒಳಗೆ ಹೋಗಿ ಗುಮ್ಮಟದ ನಡುವೆ ನಿಂತಳು. ದೀಪ ಹಾಕುವುದು ಬೇಡ ಎಂದಳು. "ಯಂತ್ರಕ್ಕೆ ಸುಸ್ತಾಗಿದೆ. ಅದು ಏಳೋವರೆಗೆ ನೀವು ಕೇಳಿ, ನಾನು ಹೇಳ್ತೀನಿ."

ಕತ್ತಲಲ್ಲಿ ಮುಖ ಕಾಣುವುದಿಲ್ಲವಲ್ಲ, ಕೇಳುವವರಿಗೆ ನಾಚಿಕೆಯೂ ಇರಲಿಲ್ಲ. "ಸೂರ್ಯ ಇದ್ರೂ ಆಕಾಶದಾಚೆ ಯಾಕೆ ಕಪ್ಪು?" ಎಂದಿತು ಒಂದು ದನಿ.

ಅವಳು ಆಪರೇಟರನ ಟಾರ್ಚ್ ಇಸಿದುಕೊಂಡು ಗೋಡೆಗೆ ಬೆಳಕು ಬಿಟ್ಟಳು. "ಗೋಡೆ ಮೇಲೆ ಬೆಳಕಿದೆ. ನಡುವೆ ಏನಾದ್ರೂ ಕಾಣುತ್ತಾ?"

"ಇಲ್ಲ," ಎಂದರು ಎಲ್ಲರೂ.

ಬಾಗಿಲ ಬಳಿ ಸರಿದು ಅಲ್ಲಿನ ಪರದೆಗೆ ಅಂಗೈಯಿಂದ ಬಲವಾಗಿ ಬಡಿದಳು. ದೂಳೆದ್ದು ಬೆಳಕಿನ ಕೋಲೊಂದು ಗಾಳಿಯಲ್ಲಿ ಮೂಡಿತು. "ದೂಳು ಬೆಳಕನ್ನ ನಮ್ಮ ಕಡೆ ಎರಚ್ತು, ಅದಕ್ಕೆ ಕಾಣ್ತು. ಭೂಮಿ ಮೇಲೆ ಆ ಕೆಲಸ ಗಾಳಿ ಮಾಡುತ್ತೆ. ಆಚೆ ಎರಚೋರು ಯಾರೂ ಇಲ್ಲ."

ಅಷ್ಟು ದೂಳು ಕಂಡು ನಿರ್ದೇಶಕರು ಕೆಮ್ಮಿದರು. ಸಭೆ ಗೊಳ್ಳೆಂದಿತು.

ಪುಟ್ಟ ಹುಡುಗಿಯೊಬ್ಬಳು ಬಾಹ್ಯಾಕಾಶದಲ್ಲಿ ಅತ್ತರೆ ಕಣ್ಣೀರು ಎಲ್ಲಿಗೆ ಹೋಗುತ್ತದೆಂದು ಕೇಳಿದಳು. ಎಲ್ಲಿಗೂ ಹೋಗದೆ ಕಣ್ಣಿಗೇ ಅಂಟಿಕೊಂಡು ಕೂರುತ್ತದೆ, ಕೈಯಾರೆ ಒರೆಸಬೇಕು ಎಂದಾಗ ಹಿಂದಿನ ಸಾಲಿನ ಹೆಂಗಸರೆಲ್ಲ "ಅಯ್ಯೋ ಪಾಪ" ಎಂದರು. ಆಮೇಲೆ ಒಂದು ಗಡುಸು ದನಿ ಎದ್ದಿತು. "ಮೇಡಂ, ಸುತ್ತಿಬಳಸಿ ಬೇಡ. ನಮ್ಮನ್ನ ಬಿಟ್ಟು ಬೇರೆ ಎಲ್ಲಾದ್ರೂ ಜೀವ ಇದೆಯೋ ಇಲ್ವೋ?"

"ಗೊತ್ತಿಲ್ಲ," ಎಂದಳು.

ಟಾರ್ಚ್ ಆರಿಸಿ ಅವಳೇ ಮಾತು ಮುಂದುವರಿಸಿದಳು.

"ನನಗಷ್ಟೇ ಅಲ್ಲ, ಯಾರಿಗೂ ಇನ್ನೂ ಗೊತ್ತಿಲ್ಲ. ಇದೆ ಅಂತಲೋ ಇಲ್ಲ ಅಂತಲೋ ಹೇಳಿ ನಿಮ್ಮನ್ನ ಮನೆಗೆ ಕಳಿಸಬಹುದು. ಅದು ಸುಳ್ಳಾಗುತ್ತೆ."

"ಮತ್ತೆ ಹುಡುಕೋದು ಹೇಗೆ?" ಎಂದ ಅದೇ ಮನುಷ್ಯ, ಈ ಸಲ ಮೆತ್ತಗೆ. ಅಲ್ಲಿಂದ ಮಾತಿಗೆ ರೆಕ್ಕೆ ಬಂತು. ಮಂಗಳನ ಕಲ್ಲು ಕೊರೆಯುವ ಗಾಡಿಗಳು, ಹಿಮದಡಿ ಕಡಲು ಬಚ್ಚಿಟ್ಟುಕೊಂಡ ಗುರುಗ್ರಹದ ಚಂದ್ರ, ಬೇರೆ ಸೂರ್ಯರ ಸುತ್ತ ತಿರುಗುವ ಭೂಮಿಗಳು. ಯಾರೂ ಕದಲಲಿಲ್ಲ.

ಅಷ್ಟರಲ್ಲಿ ಯಂತ್ರ ಸರಿಹೋಯಿತು. ಗುಮ್ಮಟದ ತುಂಬ ನಕ್ಷತ್ರಗಳು ಒಮ್ಮೆಲೇ ಹೊತ್ತಿಕೊಂಡವು, ತುಂಬಿದ ಕಂಠ ಮತ್ತೆ ಶುರುವಾಯಿತು.

"ಅದನ್ನ ನಿಲ್ಲಿಸ್ರಪ್ಪ," ಎಂದರು ಯಾರೋ, "ಮೇಡಂ ಮಾತು ಮುಗೀಲಿ."

ಹೌದು ಹೌದು ಎಂದು ನಾಲ್ಕೂ ಕಡೆಯಿಂದ ದನಿಗಳೆದ್ದವು. ಆಪರೇಟರ್ ನಿರ್ದೇಶಕರ ಮುಖ ನೋಡಿದ. ನಿರ್ದೇಶಕರು ತಾವೇ ಹೋಗಿ ದನಿಯನ್ನು ಅಡಗಿಸಿದರು. ನಕ್ಷತ್ರಗಳನ್ನು ಹಾಗೆಯೇ ಬಿಟ್ಟರು. ಅಷ್ಟೂ ನಕ್ಷತ್ರಗಳ ಕೆಳಗೆ ನಿಂತು ಅವಳು ಮಾತು ಮುಗಿಸಿದಾಗ ಬಿದ್ದ ಚಪ್ಪಾಳೆ ಹೊರಗಿನ ರಸ್ತೆಗೂ ಕೇಳಿಸಿತಂತೆ. ಜನ ಎದ್ದು ನಿಂತು ತಟ್ಟುತ್ತಿದ್ದರು. ಅವಳಿಗೆ ಕೈ ಎಲ್ಲಿಡಬೇಕೆಂದೇ ತೋಚಲಿಲ್ಲ.

"ಮೇಲಿನವರಿಗೆ ನಾನು ಹೇಳ್ಕೊಳ್ತೀನಿ," ಎಂದರು ನಿರ್ದೇಶಕರು ಸಂಜೆ. "ಭಾನುವಾರದಿಂದ ನಿಮ್ಮದೇ ಒಂದು ಕಾರ್ಯಕ್ರಮ. ಬರೀ ಪ್ರಶ್ನೆ, ಉತ್ತರ."

ಆ ಭಾನುವಾರ ಕುರ್ಚಿಗಳು ಸಾಲದೆ ಜನ ಮೆಟ್ಟಿಲ ಮೇಲೂ ಕೂತರು. ಬಾಗಿಲು ಹಾಕಲಾಗದೆ ತೆರೆದೇ ಬಿಟ್ಟಿದ್ದರು. ಅವಳು ಒಳಗೆ ಕಾಲಿಟ್ಟು ಮೈಕಿಗೆ ಕೈ ಹಾಕುವ ಮೊದಲೇ ಸಭಾಂಗಣದ ತುಂಬ ಕೈಗಳು ಮೇಲೆದ್ದಿದ್ದವು. ಅವಳು ಎಲ್ಲರನ್ನೂ ಒಮ್ಮೆ ಕಣ್ತುಂಬ ನೋಡಿದಳು.

"ಒಬ್ಬೊಬ್ಬರಾಗಿ ಕೇಳಿ," ಎಂದಳು. "ನನಗೇನೂ ಅರ್ಜೆಂಟಿಲ್ಲ."