ಎರಡು ಟೆಂಟು, ಒಂದೇ ಭಾಷಣ

ಕಳೆದ ಮಂಗಳವಾರ ಮಳವಳ್ಳಿಯಲ್ಲಿ ಒಂದೇ ಭಾಷಣವನ್ನು ಎರಡು ಸಲ ಮಾಡಿದೆ. ಎರಡು ಸಲವೂ ಚಪ್ಪಾಳೆ ಬಿತ್ತು.

ಇದರಲ್ಲೇನು ಹೆಚ್ಚುಗಾರಿಕೆ ಅಂತೀರಾ? ಮೊದಲ ಸಲ ಚಪ್ಪಾಳೆ ತಟ್ಟಿದವರು ಕಾರ್ಖಾನೆ ಬಾಗಿಲು ತೆಗೆಯಿರಿ ಎಂದು ಧರಣಿ ಕೂತವರು. ಎರಡನೇ ಸಲ ತಟ್ಟಿದವರು ಅದೇ ಕಾರ್ಖಾನೆಯ ಬಾಗಿಲು ತೆಗೆಯಬೇಡಿ ಎಂದು ಧರಣಿ ಕೂತವರು. ಹಾಗಾದರೆ ನಾನು ಹೇಳಿದ್ದಾದರೂ ಏನು? ಅವತ್ತಿನಿಂದ ನಾನೂ ಅದನ್ನೇ ಯೋಚಿಸುತ್ತಿದ್ದೇನೆ.

ನಮ್ಮ ಕಡೆ ಕಬ್ಬು ಅರೆಯುವ ಒಂದು ಖಾಸಗಿ ಕಾರ್ಖಾನೆ ಇತ್ತು. (ಹೆಸರು ಬೇಡ. ಕೋರ್ಟಿಗೆ ಅಲೆಯುವ ವಯಸ್ಸು ನನ್ನದಲ್ಲ.) ಕೆಲವು ವರ್ಷಗಳ ಹಿಂದೆ ಅಲ್ಲಿ ಬಾಯ್ಲರ್ ಸಿಡಿಯಿತು. ಕೆಲವರು ಅಲ್ಲೇ ತೀರಿಕೊಂಡರು. ಉಳಿದವರ ಮೈಕೈ ಬೆಂದುಹೋಯಿತು. ಕಾರ್ಖಾನೆಗೆ ಬೀಗ ಬಿತ್ತು, ಕೇಸು ಶುರುವಾಯಿತು. ಕೇಸು ಈಗಲೂ ನಡೆಯುತ್ತಿದೆ.

ಈಗ ಹೊಸ ಮ್ಯಾನೇಜ್‌ಮೆಂಟ್ ಬಂದಿದೆ. ಈ ಸಲದ ಕಬ್ಬು ನಾವೇ ಅರೆಯುತ್ತೇವೆ, ಹಳೆಯವರ ಪಾಪ ನಮ್ಮ ತಲೆಗೆ ಕಟ್ಟಬೇಡಿ ಎನ್ನುತ್ತಿದೆ. ಬೆಂದವರು ಒಪ್ಪುತ್ತಿಲ್ಲ. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ, ನಮಗೆ ಬದುಕಿರುವವರೆಗೂ ಚಿಕಿತ್ಸೆ ಸಿಗಲಿ, ಆಮೇಲೆ ಬಾಯ್ಲರ್‌ಗೆ ಬೆಂಕಿ ಹಾಕಿ ಎಂಬುದು ಅವರ ಪಟ್ಟು. ಅವರ ಹೋರಾಟ ಸಮಿತಿಯನ್ನು ನಡೆಸುತ್ತಿರುವವರು ಮಂಜುಳಾ, ಮದ್ದೂರಿನ ವಕೀಲೆ. ಅವರೇ ನನಗೆ ಫೋನ್ ಮಾಡಿದ್ದು.

“ಸರ್, ನೀವು ಬಂದು ನಾಲ್ಕು ಮಾತಾಡಿ. ಪೇಪರ್‌ನಲ್ಲಿ ಬರೆಯೋರು ಬಂದ್ರೆ ನಮ್ಮೋರಿಗೂ ಒಂದು ಧೈರ್ಯ.”

ಇಂಥ ಮಾತಿಗೆ ಯಾವ ಅಂಕಣಕಾರ ಒಲ್ಲೆ ಎಂದಾನು? ಮಂಡ್ಯದಲ್ಲಿ ಬಸ್ ಹತ್ತಿದೆ. ಕಿಟಕಿ ಪಕ್ಕ ಕೂತು ಭಾಷಣ ಹೊಂದಿಸಿಕೊಂಡೆ. ಮಳವಳ್ಳಿಯಲ್ಲಿ ಇಳಿದು ತಾಲ್ಲೂಕು ಕಚೇರಿಯ ಮುಂದೆ ಹೋದರೆ ಅಲ್ಲಿ ಎರಡು ಶಾಮಿಯಾನ. ಎರಡನ್ನೂ ಬಾಡಿಗೆಗೆ ಕೊಟ್ಟವನು ಒಬ್ಬನೇ ಇರಬೇಕು. ಅದೇ ಬಟ್ಟೆ, ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಮೈಕ್ ಸೆಟ್ಟು. ಎರಡರ ಫ್ಲೆಕ್ಸ್ ಮೇಲೂ ‘ನ್ಯಾಯ ಸಿಗುವವರೆಗೂ ಹೋರಾಟ’.

ನಾನು ಒಂದು ಕ್ಷಣ ನಿಂತೆ ಅಷ್ಟೆ. ಒಬ್ಬ ಹಿರಿಯರು ಬಂದು ಕೈ ಹಿಡಿದುಕೊಂಡರು. ರೈತ ಮುಖಂಡರು, ನಿಂಗೇಗೌಡರು ಅಂತ. “ಈಗ್ ಬಂದ್ರಾ ಸಾ? ಬನ್ನಿ, ಬನ್ನಿ” ಎಂದು ಒಳಗೆ ಕರೆದುಕೊಂಡು ಹೋಗಿ ಹೆಗಲಿಗೆ ಹಸಿರು ಶಾಲು ಹಾಕಿದರು. ನಮ್ಮ ಜಿಲ್ಲೆಯಲ್ಲಿ ಹಸಿರು ಶಾಲು ಹೆಗಲಿಗೆ ಬಿದ್ದ ಮೇಲೆ, ಇದು ಯಾವ ಟೆಂಟು ಎಂದು ಕೇಳುವುದಕ್ಕಾಗುತ್ತದೆಯೇ? ನಾನು ಕೇಳಲಿಲ್ಲ. ಮೈಕ್ ಕೊಟ್ಟರು, ಮಾತಾಡಿದೆ.

ಬೆವರು ಸುರಿಸಿದವರಿಗೆ ನ್ಯಾಯ ಸಿಗಬೇಕು ಎಂದೆ. ಆಳುವವರು ಕಣ್ಣು ಬಿಡಬೇಕು ಎಂದೆ. ನಿಮ್ಮ ನೋವು ನಮ್ಮೆಲ್ಲರ ನೋವು, ಕೊನೆಯವರೆಗೂ ನಿಮ್ಮ ಜೊತೆ ಇರುತ್ತೇವೆ ಎಂದೆ. ಜೋರು ಚಪ್ಪಾಳೆ. ಕೂತು ನೀರು ಕುಡಿಯುವಷ್ಟರಲ್ಲಿ ಮಂಜುಳಾ ಫೋನ್.

“ಸರ್, ಎಲ್ಲಿದೀರಿ?”

“ಇಲ್ಲೇ ಟೆಂಟ್‌ನಲ್ಲಿ. ಭಾಷಣ ಆಯ್ತಲ್ಲಮ್ಮ, ಕೇಳಿಸ್ಲಿಲ್ವಾ?”

“ಯಾವ ಟೆಂಟ್‌ನಲ್ಲಿ ಸರ್?”

ತಲೆ ಎತ್ತಿ ನೋಡಿದೆ. ಎದುರಿನ ಶಾಮಿಯಾನದ ಬಾಯಲ್ಲಿ ಒಬ್ಬ ಹೆಣ್ಣುಮಗಳು ಕಿವಿಗೆ ಫೋನ್ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಕೂತಿದ್ದದ್ದು ಕಬ್ಬು ಬೆಳೆದವರ ಟೆಂಟಿನಲ್ಲಿ. ಕಬ್ಬು ಒಣಗುತ್ತಿದೆ, ಬೇಗ ಕಾರ್ಖಾನೆ ಶುರು ಮಾಡಿ ಎನ್ನುವವರ ಟೆಂಟು ಅದು.

ನಿಂಗೇಗೌಡರಿಗೆ ವಿಷಯ ತಿಳಿದು ನಗು ತಡೆಯಲಾಗಲಿಲ್ಲ. “ಓಗ್ಬನ್ನಿ ಸಾ, ಅವ್ರೇನ್ ಬ್ಯಾರೆಯೋರಾ? ನಮ್ಮೋರೆಯ. ಅಲ್ಲೂ ನಾಕ್ ಮಾತಾಡ್ಬುಟ್ಟು ಬನ್ನಿ.”

ಹೋದೆ. ಶಾಲು ತೆಗೆಯಲು ಮರೆತಿದ್ದೆ. ಮಂಜುಳಾ ಆ ಶಾಲಿನ ಮೇಲೇ ಕಪ್ಪು ಪಟ್ಟಿ ಪಿನ್ ಮಾಡಿದರು. ನನ್ನ ಹತ್ತಿರ ಬೇರೆ ಭಾಷಣ ಇರಲಿಲ್ಲವಲ್ಲ, ಅದೇ ಬೆವರು, ಅದೇ ನೋವು, ಅದೇ ಕೊನೆಯವರೆಗೂ. ಇಲ್ಲೂ ಚಪ್ಪಾಳೆ. ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಒಬ್ಬಾಕೆ ಮಾತ್ರ ಸುಮ್ಮನೆ ಕೂತಿದ್ದರು. ಕೈ ಸೆರಗಿನೊಳಗೆ. (ಭಾಷಣಕಾರರ ಕಾಯಿಲೆ ನಿಮಗೆ ಗೊತ್ತಲ್ಲ. ಸಭೆಯೆಲ್ಲ ಚಪ್ಪಾಳೆ ತಟ್ಟಿದರೂ ಕಣ್ಣು ಹೋಗುವುದು ತಟ್ಟದವರ ಮೇಲೆ.) ನನಗೆ ಒಂಚೂರು ಮುಜುಗರವಾಯಿತು.

ಅಷ್ಟರಲ್ಲಿ ಊಟ ಬಂತು. ನಮ್ಮಲ್ಲಿ ಧರಣಿ ಅಂದರೆ ಸುತ್ತಲ ಹಳ್ಳಿಗಳವರು ಸರದಿಯ ಮೇಲೆ ಊಟ ಕಳಿಸುತ್ತಾರೆ. ಮನೆಗಿಷ್ಟು ಮುದ್ದೆ ಎಂದು ಸೇರಿಸಿ, ಬುಟ್ಟಿಗೆ ತುಂಬಿ, ಉಪ್ಪುಸಾರಿನ ಪಾತ್ರೆಯ ಜೊತೆ ಆಟೋದಲ್ಲಿ ಇಟ್ಟು ಕಳಿಸುತ್ತಾರೆ. ಅವತ್ತು ಸರದಿ ಇದ್ದ ಊರಿನವರು ಎರಡೂ ಟೆಂಟಿನಲ್ಲಿದ್ದರು. ಆದ್ದರಿಂದ ಆಟೋದಿಂದ ಇಳಿದ ಬೋರಣ್ಣ ಎಂಬಾತ ಒಂದು ಬುಟ್ಟಿಯನ್ನು ಆ ಟೆಂಟಿಗೆ ಇಟ್ಟು, ಇನ್ನೊಂದನ್ನು ನಮ್ಮ ಟೆಂಟಿಗೆ ತಂದಿಟ್ಟ. ಬುಟ್ಟಿಯ ತುಂಬ ದುಂಡನೆಯ ಮುದ್ದೆ. ನಡುವೆ ಕೆಲವು ಮಾತ್ರ ಸೊಟ್ಟಸೊಟ್ಟಗೆ ಇದ್ದವು.

“ಏನ್ಲಾ ಬೋರ, ಇದು ಮುದ್ದೆನೋ ಇಟ್ಗೆನೋ?” ಎಂದರು ಯಾರೋ.

“ತಿನ್ಲಾ ಸುಮ್ಕೆ” ಎಂದು ಬೋರಣ್ಣ ತನ್ನ ಟೆಂಟಿಗೆ ನಡೆದ. ಅವನು ಕಬ್ಬಿನ ಟೆಂಟಿನವನು.

ಚಪ್ಪಾಳೆ ತಟ್ಟದ ಆಕೆ ನಕ್ಕರು. ಸೆರಗಿನಿಂದ ಕೈ ಹೊರಗೆ ತೆಗೆದು, ಎರಡು ಅಂಗೈಗಳ ನಡುವೆ ತಟ್ಟೆ ಒತ್ತಿ ಹಿಡಿದು ನನ್ನ ಮುಂದೆ ಇಟ್ಟರು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಚರ್ಮ ಹೊಳೆಯುತ್ತಿತ್ತು.

“ಚಪ್ಪಾಳೆ ಒಡೀನಿಲ್ಲ ಅಂತ ಬೇಜಾರ್ ಮಾಡ್ಕಬ್ಯಾಡ ಕಣಪ್ಪ. ಒಡುದ್ರೂ ಸದ್ದು ಬರಾಕಿಲ್ಲ.”

ನನಗೆ ತಲೆ ಎತ್ತಲಾಗಲಿಲ್ಲ. ನಾಚಿಕೆಯಾಯಿತು ಎಂದು ನೇರವಾಗಿಯೇ ಹೇಳುತ್ತೇನೆ.

ಅವರ ಹೆಸರು ಚಿಕ್ಕತಾಯಮ್ಮ. ಕಾರ್ಖಾನೆಯಲ್ಲಿ ಬಾಯ್ಲರ್ ಉರಿಗೆ ಕಬ್ಬಿನ ಸಿಪ್ಪೆ ಎಳೆದುಹಾಕುವ ಕೆಲಸದಲ್ಲಿದ್ದರು. ಬೋರಣ್ಣ ಅವರ ಗಂಡ. ಆ ಸೊಟ್ಟ ಮುದ್ದೆಗಳು ಅವರ ಮನೆಯವು. ಹಿಂದೆ ಊರಿನ ಬೀಗರೂಟಕ್ಕೆಲ್ಲ ಮುದ್ದೆ ಕಟ್ಟಲು ಚಿಕ್ಕತಾಯಮ್ಮನನ್ನೇ ಕರೆಯುತ್ತಿದ್ದರಂತೆ. ಈಗ ಗಂಡ ಕಟ್ಟುತ್ತಾನೆ. ಅವನ ಕೈಗೆ ಅದು ಇನ್ನೂ ಹತ್ತಿಲ್ಲ.

“ನೀವು ಈ ಟೆಂಟು, ಅವರು ಆ ಟೆಂಟು. ಮನೇಲಿ ಜಗಳ ಆಗಲ್ವಾ?” ಎಂದೆ.

“ಯಾತಕ್ಕಪ್ಪ ಜಗ್ಳ? ಅವ್ರು ಕಬ್ ಬೆಳ್ದವ್ರೆ. ನಾನು ಕೈ ಸುಟ್ಕಂಡಿವ್ನಿ. ಎಲ್ಡೂ ದಿಟವೇ ಅಲ್ವಾ?”

ಆಮೇಲೆ ದನಿ ತಗ್ಗಿಸಿ, “ನಿನ್ನ ಒಂದ್ ಮಾತ್ ಕೇಳ್ಬೇಕು” ಎಂದರು.

ಮಾತು ಇಷ್ಟು. ಅವರ ಮಗಳು ರಮ್ಯ ಡಿಪ್ಲೊಮಾ ಮುಗಿಸಿದ್ದಾಳೆ. ಕಂಪನಿಯವರು ಮನೆಗೆ ಬಂದು, ಅವಳಿಗೆ ಬಾಯ್ಲರ್ ವಿಭಾಗದಲ್ಲೇ ಪರ್ಮನೆಂಟ್ ಕೆಲಸ ಕೊಡುತ್ತೇವೆ ಎಂದಿದ್ದಾರೆ. ಆದರೆ ತಾಯಿ ಧರಣಿಯಿಂದ ಎದ್ದು ಬರಬೇಕು, ಕೋರ್ಟಿನಲ್ಲಿ ಸಾಕ್ಷಿ ಹೇಳಬಾರದು. ಯಾಕೆಂದರೆ ಬಾಯ್ಲರ್ ಸೋರುತ್ತಿದೆ ಎಂದು ಕೆಲಸಗಾರರು ಹೇಳಿದರೂ ‘ಬೆಂಕಿ ಆರಿಸಬೇಡಿ’ ಎಂದ ಮೇಲಿನವರ ಮಾತನ್ನು ಕಿವಿಯಾರೆ ಕೇಳಿ ಬದುಕಿ ಉಳಿದಿರುವವರು ಚಿಕ್ಕತಾಯಮ್ಮ ಒಬ್ಬರೇ. ಕೇಸು ಬಿದ್ದರೆ ಹೊಸಬರಿಗೂ ಬೀಗ ತೆಗೆಸುವುದು ಸುಲಭ.

“ರಮ್ಯ ಏನಂತಾಳೆ?”

“ಓಯ್ತೀನಿ ಅಂತಳೆ ಕಣಪ್ಪ. ಅವತ್ತು ಯಾರೂ ಮೀಟ್ರು ನೋಡ್ನಿಲ್ಲ, ನಾನಿದ್ರೆ ನೋಡ್ಕತೀನಿ ಕಣವ್ವ ಅಂತಳೆ. ಈಗ ನೀನೇ ಯೋಳು. ಕಳಿಸ್ಲಾ, ಬ್ಯಾಡ್ವಾ?”

ನಾನು ಗಂಟಲು ಸರಿಮಾಡಿಕೊಂಡೆ. “ನೋಡಿಯಮ್ಮ, ಮೊದಲು ನಿಮಗೆ ನ್ಯಾಯ ಸಿಗಬೇಕು...”

“ಅದ ಆಗ್ಲೇ ಮೈಕ್ನಲ್ಲಿ ಯೋಳ್ದಲ್ಲಪ್ಪ. ನಾನ್ ಕೇಳ್ತಿರದು ರಮ್ಯನ್ನ ಕಳಿಸ್ಲಾ, ಬ್ಯಾಡ್ವಾ ಅಂತ.”

ನಾನು ಮುದ್ದೆ ಮುರಿದು ನುಂಗಿದೆ.

ಹೊರಡುವಾಗ ಮಂಜುಳಾ ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರಿಗೆ ಎಲ್ಲ ಗೊತ್ತಿತ್ತು. “ಅವರು ಸಾಕ್ಷಿ ಹೇಳದಿದ್ರೆ ಕೇಸ್ ನಿಲ್ಲಲ್ಲ ಸರ್. ಉಳಿದೋರ ಗತಿ ಏನು? ಆದ್ರೆ ಆ ಹುಡುಗಿಗೆ ಹೋಗಬೇಡ ಅನ್ನೋಕೆ ನಾನ್ಯಾರು? ನಾನು ಸಂಜೆ ಕೋಟು ಬಿಚ್ಚಿ ಮನೇಲಿ ಊಟ ಮಾಡ್ತೀನಿ. ಅವರು ಗಂಡ ತುತ್ತು ಮಾಡಿ ಕೊಟ್ರೆ ಊಟ ಮಾಡ್ತಾರೆ.” ಇಷ್ಟು ವರ್ಷ ಈ ಹೋರಾಟವನ್ನು ಕಟ್ಟಿ ನಿಲ್ಲಿಸಿದವರು ಅವರು. ಅವರ ಕಣ್ಣಲ್ಲಿ ನೀರಿತ್ತು.

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಹಸಿರು ಶಾಲು, ಕಪ್ಪು ಪಟ್ಟಿ ಎರಡನ್ನೂ ನೋಡಿ, “ಯಾವ್ ಕಡೆಯವ್ರು ಸಾ ನೀವು?” ಎಂದ. “ಮಂಡ್ಯ ಒಂದು” ಎಂದು ಟಿಕೆಟ್ ತಗೊಂಡೆ. ಬೇರೆ ಏನು ಹೇಳಲಿ?

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ರಮ್ಯ ಹೋಗಲಿ ಅಂದರೆ ಬೆಂಕಿ ಆರಿಸಬೇಡಿ ಎಂದವರು ಬಚಾವ್. ನಾಳೆ ಇನ್ನೊಬ್ಬರು ಇನ್ನೊಂದು ಕಾರ್ಖಾನೆಯಲ್ಲಿ ಅದನ್ನೇ ಹೇಳುತ್ತಾರೆ. ಹೋಗಬೇಡ ಅಂದರೆ? ಮೀಟರ್ ನೋಡಬೇಕು ಎಂದು ಮನಸ್ಸಿಟ್ಟು ಹೊರಟ ಒಬ್ಬಳೇ ಒಬ್ಬಳನ್ನು ನಾವೇ ತಡೆದಂತೆ. ಬೆಂದವರು ಬೆಂದ ಕೈ ಇಟ್ಟುಕೊಂಡು ನಮ್ಮ ಟೆಂಟಿನ ಮುಂದಿನ ಸಾಲಿನಲ್ಲೇ ಕೂತಿರಬೇಕು ಎಂದು ನಾವು ಬಯಸುತ್ತಿದ್ದೇವೆಯೇ? ಎದ್ದು ಹೋದರೆ ನಮಗೆ ಕೋಪ ಯಾಕೆ ಬರುತ್ತದೆ? ಯೋಚಿಸಿದಷ್ಟೂ ತಲೆ ಕೆಡುತ್ತಿದೆ, ನಿಜ ಹೇಳುತ್ತೇನೆ.

ನಿನ್ನೆ ಮಂಜುಳಾ ಮತ್ತೆ ಫೋನ್ ಮಾಡಿದ್ದರು. ಕಂಪನಿಯವರು ಉತ್ತರ ಕೇಳಲು ಮತ್ತೆ ಮನೆಗೆ ಬಂದಿದ್ದರಂತೆ. ಚಿಕ್ಕತಾಯಮ್ಮ ಅವರಿಗೆ, “ಪೇಪರ್ನಲ್ಲಿ ಬರಿಯೋ ಅಯ್ಯನ್ನ ಕೇಳಿವ್ನಿ, ಅವ್ರು ಯೋಳ್ಲಿ ತಡೀರಿ” ಎಂದು ಕಳಿಸಿದ್ದಾರಂತೆ. ಈ ವಾರ ನನ್ನ ಅಂಕಣ ಬಂದ ದಿನ ರಮ್ಯ ಅದನ್ನು ಅವ್ವನಿಗೆ ಓದಿ ಹೇಳುತ್ತಾಳಂತೆ.

ಎಂದರೆ, ಈ ಹೊತ್ತಿಗೆ ಅವಳು ಇಲ್ಲಿಯವರೆಗೆ ಓದಿರುತ್ತಾಳೆ. ತಾಯಿ ಮುಂದೇನು ಎಂದು ಕಾಯುತ್ತಿರುತ್ತಾರೆ.

ಚಪ್ಪಾಳೆ ಆಮೇಲೆ ತಟ್ಟೋಣ, ಮೊದಲು ನೀವಾದರೂ ಹೇಳಿ: ಕಳಿಸುವುದಾ, ಬೇಡವಾ?